ಹಮಾಲರು ಮುಟ್ಟದ ಎಲೆ-ಅಡಿಕೆ

ಮಸ್ಕಿ, ಶುಕ್ರವಾರ

ಕಬಡ್ಡಿ ಹುಲಿ ಗಾದಿಲಿಂಗನಿಗೆ,

ನಿನ್ನ ಹೆಸರಿಗೆ ಸಿಳ್ಳೆ ಹೊಡೆಯುವ ಸಿಂಧನೂರಿನ ಹಮಾಲರಿಗೆ, ಸೋತ ಸಿಟ್ಟಿನಲ್ಲಿ, "ಚೀಲ ಹೊರೋ ಮಂದಿಗೆ ಆಟ ಏನ್ ತಿಳೀತದ" ಎಂದು ಫೇಸ್‌ಬುಕ್ಕಿನಲ್ಲಿ ಬರೆದವನು ನೀನು. ತಪ್ಪಾಯಿತು ಎನ್ನಲು ಕಳಿಸಿದ್ದು ಮುದುಕಿ ನನ್ನನ್ನು. ಭಾರಿ ಗಂಡಸು ಬಿಡಪ್ಪಾ!

ಹೋಗಿದ್ದೆ. ರೈಸ್ ಮಿಲ್ಲಿನಲ್ಲಿ ನಿನ್ನ ಫೋಟೋದ ಬ್ಯಾನರನ್ನು ಭತ್ತದ ರಾಶಿಗೆ ಹೊದಿಸಿದ್ದರು. ನನಗೆ ಚಾ ಕೊಟ್ಟರು. ನಾನು ಒಯ್ದ ಎಲೆ-ಅಡಿಕೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. "ಬೈದ ಬಾಯಿ ನಿಂದಲ್ಲ ಬೇ ಯಮ್ಮ. ಅವ್ನ ಕಳಸು, ನೋಡ್ತೀವಿ" ಅಂದ ಮೇಸ್ತ್ರಿ ಯಂಕೋಬ.

ಐತವಾರ ಬಾ. ಮಸ್ಕಿಗಲ್ಲ, ಸಿಂಧನೂರಲ್ಲೇ ಇಳಿ. ನಾನು ಮಿಲ್ಲಿನ ಬಾಗಿಲಲ್ಲಿರುತ್ತೇನೆ. ವಿಡಿಯೋ ಮಾಡಲು ಫೋನು ಹಿಡಿದು ನಿಲ್ಲಬೇಡ. ಎಲೆ-ಅಡಿಕೆಯನ್ನು ಎರಡೂ ಕೈಯಿಂದ ಕೊಡಬೇಕು ಲೇ.

ಅವರು ತೆಗೆದುಕೊಂಡರೆ ಮಾತ್ರ ನಿನ್ನ ಅಜ್ಜಿ,
ಪಕೀರಮ್ಮ