ಚಿಕ್ಕದಾಗುತ್ತ ಹೋದ ಪ್ಯಾಂಟು

೧೪ನೇ ತಾರೀಕು, ಗುರುವಾರ
ಆಸ್ಪತ್ರೆಯ ವರಾಂಡದಿಂದ

ನನ್ನ ಮುದ್ದಿನ ಪುಟ್ಟೀ,

ನಲವತ್ತಾರು ದಾಟಿದವಳನ್ನು ಪುಟ್ಟಿ ಅನ್ನುತ್ತಾಳಲ್ಲ ಎಂದು ನಗಬೇಡ. ಇವತ್ತು ಹಾಗೆಯೇ ಕರೆಯಬೇಕು ಅನ್ನಿಸಿದೆ.

ನಿನ್ನ ಪತ್ರ ಬಂತು. ಎದೆಯುರಿಗೆ ನಾನು ಬರೆದುಕೊಟ್ಟ ಪಥ್ಯದ ಪಟ್ಟಿ ಹರಿದುಹೋಯಿತು, ಇನ್ನೊಂದು ಕಳಿಸು ಅಂದಿದ್ದೀಯ. ಕೊನೆಗೆ, ಏನೋ ಮರೆತದ್ದು ನೆನಪಾದ ಹಾಗೆ, ಈಚೆಗೆ ಬ್ರೆಡ್ಡು ನುಂಗಿದರೆ ಎದೆಯ ನಡುವೆ ನಿಂತ ಹಾಗಾಗುತ್ತದೆ, ನೀರು ಕುಡಿದರೆ ಇಳಿಯುತ್ತದೆ ಅಂತಲೂ ಬರೆದಿದ್ದೀಯ. ಅದನ್ನು ಓದಿದವಳೇ ಈ ಕಾಗದ ಬರೆಯಲು ಕೂತೆ. ಪಟ್ಟಿ ಕಳಿಸುವುದಿಲ್ಲ. ಅದರ ಬದಲು ನಿನ್ನ ಭಾವನ ವಿಷಯ ಬರೆಯುತ್ತೇನೆ. ನಡುವೆ ಬಿಡದೆ ಓದು.

ನಿನಗೆ ಗೊತ್ತಲ್ಲ, ಅವರು ಉಂಡ ಕೈ ಒರೆಸಿಕೊಳ್ಳುತ್ತಲೇ ಹೊಲಿಗೆ ಮೆಷಿನ್ನಿಗೆ ಬಗ್ಗುವ ದರ್ಜಿ. ಹೊಟ್ಟೆ ಮಡಚಿ ಕೂತರೆ ತಿಂದದ್ದು ಮೇಲಕ್ಕೆ ಬಾರದೆ ಇನ್ನೆಲ್ಲಿಗೆ ಹೋದೀತು? ಹತ್ತು ವರ್ಷ ಹುಳಿತೇಗು, ಉರಿ, ಕೆಮ್ಮು. ಕೊನೆಗೆ ನಾನೇ ಟೊಂಕಕಟ್ಟಿ ನಿಂತೆ. ಕಾಫಿ, ಖಾರ, ಕರಿದದ್ದು, ಸಿಗರೇಟು ಎಲ್ಲ ಬಂದ್. ಸಂಜೆ ಏಳಕ್ಕೇ ಊಟ, ಮೂರು ಗಂಟೆ ಕಳೆದ ಮೇಲೆ ಹಾಸಿಗೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ. ಊಟವಾದ ಮೇಲೆ ನಿಂತು ಬಟ್ಟೆ ಕತ್ತರಿಸಬಹುದು, ಮೆಷಿನ್ ಮುಟ್ಟುವ ಹಾಗಿಲ್ಲ. ನಮ್ಮನೇಲಿ ಒಬ್ಬರು ಜೈಲರ್ ಇದಾರೆ ಅಂತ ಗಿರಾಕಿಗಳ ಹತ್ತಿರ ದೂರುತ್ತಿದ್ದರು. ಉರಿ ಹೋಯಿತು ಕಣೇ. ನನಗೆ ಎರಡು ಕೋಡು ಮೂಡಿದವು. ಪಟ್ಟಿಯನ್ನು ಕಂಡಕಂಡವರಿಗೆ ಹಂಚಿದೆ, ನಿನಗೂ.

ಪಥ್ಯದಲ್ಲಿ ತಪ್ಪಿರಲಿಲ್ಲ. ತಪ್ಪು ಆದದ್ದು ಆಮೇಲೆ.

ಒಂದು ದಿನ ಅನ್ನ ಯಾಕೋ ತಡೀತಿದೆ ಅಂದರು. ಸಪ್ಪೆ ಊಟ ಸೇರದೆ ನಾಟಕ ಆಡ್ತೀರಿ, ಚೆನ್ನಾಗಿ ಅಗಿದು ತಿನ್ನಿ ಅಂದೆ. ಆಮೇಲೆ ಅನ್ನವನ್ನು ಕಿವುಚಿ ಕೊಟ್ಟೆ. ಅದೂ ತಡೆದಾಗ ತರಕಾರಿ ಮಿಕ್ಸಿಗೆ ಹಾಕಿದೆ. ಆಮೇಲಾಮೇಲೆ ಎಲ್ಲವನ್ನೂ ನೀರಿನಷ್ಟು ತೆಳ್ಳಗೆ ಮಾಡಿದೆ. ಇಳಿಯುತ್ತಿತ್ತು, ಇಬ್ಬರಿಗೂ ಸಮಾಧಾನವಾಗುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಪ್ಯಾಂಟು ಜಾರಿ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಇವರು ದರ್ಜಿಯಲ್ಲವೇ, ಸೊಂಟ ಸಡಿಲವಾದಾಗಲೆಲ್ಲ ಹೊಲಿಗೆ ಬಿಚ್ಚಿ ಚಿಕ್ಕದು ಮಾಡಿಕೊಂಡರು. ನಾಲ್ಕು ಸಲ. ಅಂಗಿಯ ಪಕ್ಕಗಳನ್ನೂ ಒಳಕ್ಕೆ ಹಿಡಿದರು. ಕೆಲಸ ಎಷ್ಟು ಒಪ್ಪವಾಗಿತ್ತೆಂದರೆ, ಮೈ ಕರಗಿದ್ದು ಕಾಣಿಸಲೇ ಇಲ್ಲ. ಗುಂಡಿಗಳ ಜಾಗ ಸರಿಸಿ ಹೊಲಿದುಕೊಟ್ಟವಳು ನಾನೇ. ನನ್ನ ಪಥ್ಯದಿಂದ ಹೊಟ್ಟೆ ಹೋಯ್ತು, ಮದುಮಗನ ಹಾಗೆ ಕಾಣ್ತೀರಿ ಅಂತ ರೇಗಿಸಿದೆ. ಅವರು ನಕ್ಕರು. ಹಾಳು ಬಾಯಿ ನನ್ನದು.

ಹೋದ ವಾರ ನೀರೂ ಇಳಿಯಲಿಲ್ಲ. ಇಲ್ಲಿಗೆ ಕರೆತಂದೆ. ಗಂಟಲಿನಿಂದ ಕೊಳವೆ ಇಳಿಸಿ ನೋಡಿದರು. ಅನ್ನನಾಳದ ತುದಿಯಲ್ಲಿ ಕ್ಯಾನ್ಸರ್ ಗಡ್ಡೆ, ಲಿವರಿಗೂ ಹರಡಿದೆಯಂತೆ. ಕತ್ತರಿಸಿ ತೆಗೆಯುವ ಹಂತ ದಾಟಿದೆ. ಡಾಕ್ಟರಮ್ಮ ಒಳ್ಳೆಯವರು, ಮೆಲ್ಲಗೆ ಹೇಳಿದರು. ಎದೆಯುರಿ ಇರೋರಿಗೆಲ್ಲ ಹೀಗಾಗಲ್ಲ, ಆದರೆ ನುಂಗೋಕೆ ತಡೆದ್ರೆ, ತೂಕ ಇಳಿದ್ರೆ, ಪಥ್ಯ ನಂಬ್ಕೊಂಡು ಕೂರಬಾರದು, ಆಗಲೇ ಬರಬೇಕು ಅಂದರು. ಇವರು ಹೂಂ ಅಂದರು, ನಾನೂ ಹೂಂ ಅಂದೆ.

ನಿನಗೂ ಅದೇ ಅಂತ ನಾನು ಹೇಳುತ್ತಿಲ್ಲ. ಏನೂ ಇಲ್ಲದೆಯೂ ಇರಬಹುದು, ಇಲ್ಲದಿರಲಿ. ಆದರೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ನುಂಗಿ ಸುಮ್ಮನಾಗಬೇಡ. ನಾಳೆಯೇ ಹೋಗಿ ಪರೀಕ್ಷೆ ಮಾಡಿಸಿಕೋ. ಕೊಳವೆಗೆ ಹೆದರಬೇಡ, ಹತ್ತು ನಿಮಿಷದ ಕೆಲಸ. ನನಗೆ ತುಂಬ ಭಯವಾಗುತ್ತಿದೆ ಪುಟ್ಟೀ. ಇಬ್ಬರನ್ನು ಕಳೆದುಕೊಳ್ಳುವ ಶಕ್ತಿ ನನಗಿಲ್ಲ.

ನಿನ್ನ ಉತ್ತರದ ದಾರಿ ಕಾಯುತ್ತಿರುವ
ಅಕ್ಕ

ತಾ.ಕ.: ಮೇಲೆ ಒಂದು ಮಾತು ಬರೆಯದೆ ಬಿಟ್ಟೆ. ನುಂಗಲು ಎಷ್ಟು ದಿನದಿಂದ ಕಷ್ಟ ಎಂದು ಡಾಕ್ಟರಮ್ಮ ಕೇಳಿದಾಗ, ಒಂದು ತಿಂಗಳು ಅಂದೆ. ಒಂಬತ್ತು ತಿಂಗಳಾಗಿತ್ತು. ಅವರು ನಂಬಲಾರದೆ ನಿನ್ನ ಭಾವನ ಕಡೆ ತಿರುಗಿ ಮತ್ತೆ ಕೇಳಿದರು. ಇವರು ಒಂದು ಗಳಿಗೆ ನನ್ನ ಮುಖ ನೋಡಿ, ಹೌದು, ಒಂದೇ ತಿಂಗಳು ಅಂದರು.