ಪಿಂಗಾಣಿ ಗುಂಡು

ಸಿಂಧನೂರು
೧೪-೧೧-೧೯೯೬

ಮುದ್ದಿನ ಮಗಳು ಜೋಗಮ್ಮನಿಗೆ,

ನೀನೂ ಹೊಟ್ಟೆಯಲ್ಲಿರುವ ಕೂಸೂ ಆರಾಮ ಇದ್ದೀರಿ ತಾನೆ? ನಿನ್ನ ಪತ್ರ ಬಂದು ಎರಡು ತಿಂಗಳಾಗುತ್ತ ಬಂತು, ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಹೈದರಾಬಾದಿನ ಆಸ್ಪತ್ರೆಯಿಂದ ಹೊಸ ಸೊಂಟದ ಕೀಲು ಹಾಕಿಸಿಕೊಂಡು ಬಂದಿದ್ದೇನೆ. ನಿನ್ನೆ ವಾಕರ್ ಹಿಡಿದು ಬೀದಿ ಬಾಗಿಲವರೆಗೆ ನಡೆದೆ. ನೋವಿಲ್ಲ ನೋಡು!

ಆಪರೇಷನ್ನಿಗೆ ಮೊದಲು ಡಾಕ್ಟರು ಕೀಲುಗಳನ್ನು ಮೇಜಿನ ಮೇಲಿಟ್ಟು ತೋರಿಸಿದರು. ಪ್ಲಾಸ್ಟಿಕ್ ಬಟ್ಟಲಿನೊಳಗೆ ಒಂದು ಗುಂಡು ತಿರುಗುತ್ತದೆ. ಗುಂಡು ಲೋಹದ್ದಾದರೆ ಒಡೆಯುವ ಭಯವಿಲ್ಲ, ಆದರೆ ವರ್ಷ ಕಳೆದಂತೆ ಬಟ್ಟಲು ಸವೆಯುತ್ತದೆ. ಪಿಂಗಾಣಿಯದು ನುಣುಪು, ಸವೆತ ಕಡಿಮೆ, ಅಪರೂಪಕ್ಕೆ ಒಡೆದೀತು ಎಂದರು. ನಿನ್ನ ಅಪ್ಪ ಅಕ್ಕಿ ಗಿರಣಿಯ ಮಿಸ್ತ್ರಿ, ಸುಮ್ಮನಿರುತ್ತಾರೆಯೆ? ಗುಂಡನ್ನು ತಿರುಗಿಸಿ ತಿರುಗಿಸಿ ನೋಡಿ, “ಇದಕ್ಕ ಗ್ರೀಸ್ ಯಾವಾಗ ಯಾವಾಗ ಹಾಕಬೇಕ್ರೀ?” ಎಂದುಬಿಟ್ಟರು. ನರ್ಸುಗಳು ಬಿದ್ದು ಬಿದ್ದು ನಕ್ಕರು. ಅದನ್ನು ಮೈಯೇ ನೋಡಿಕೊಳ್ಳುತ್ತದೆ ಎಂದರೂ ಇವರಿಗೆ ಸಮಾಧಾನವಿಲ್ಲ. “ಪಿಂಗಾಣಿ ಅಂದ್ರ ಕಪ್ಪು-ಬಸಿ ಇದ್ದಂಗಲ್ರೀ? ಎಡವಿ ಬಿದ್ದಳಂದ್ರ?”

ನಾನು ಕೇಳಿದ್ದು ಒಂದೇ. ಯಾವ ಗುಂಡು ಹಾಕಿದರೆ ನೆಲದ ಮೇಲೆ ಕಾಲು ಚಾಚಿ ಕೂತು, ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯಬಹುದು? ನಿನಗೆ ಹಾಗೆಯೇ ಎರೆದವಳು ನಾನು. ಯಾವುದನ್ನು ಹಾಕಿದರೂ ನೆಲಕ್ಕೆ ಕೂರುವಂತಿಲ್ಲ ಎಂದರು ಡಾಕ್ಟರು. ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು, ಹೆಚ್ಚು ಕಾಲ ಬಾಳುವುದನ್ನೇ ಹಾಕಿರಿ, ಆ ಕೂಸಿನ ಮದುವೆಯಲ್ಲೂ ಓಡಾಡಬೇಕು ಎಂದು ಪಿಂಗಾಣಿ ಆರಿಸಿದೆ. ಊರಿಗೆಲ್ಲ ಶಾಲೆ ಟೀಚರ್ ಆದ ನಾನು ಈಗ ನಿನ್ನ ಅಪ್ಪನ ಬಾಯಲ್ಲಿ ಪಿಂಗಾಣಿ ಟೀಚರ್. ಹೆಜ್ಜೆ ಇಟ್ಟರೆ ಸಾಕು, “ಹಗೂರ ನಡಿ, ಸೀಳು ಬಿಟ್ಟೀತು!”

ಎರೆಯುವ ಚಿಂತೆಯನ್ನು ಪಕ್ಕದ ಮನೆಯ ರಮಜಾನಬಿ ಬಗೆಹರಿಸಿದಳು. “ಯಾಕ ಅಳ್ತೀರಿ ಟೀಚರಮ್ಮ? ಕಾಲು ನಾ ಚಾಚ್ತೀನಿ, ನೀವು ಕುರ್ಚಿ ಮ್ಯಾಲೆ ಕುಂತು ನೀರು ಹಾಕ್ರಿ.” ನಿನ್ನ ಅಪ್ಪ ಹಂಡೆ ತಿಕ್ಕಿಸಿ ಇಟ್ಟಿದ್ದಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಹೂವೆತ್ತಿದಂತೆ ಹೆರಿಗೆಯಾಗಲಿ, ಅಳಿಯಂದಿರೂ ಅತ್ತೆಯವರೂ ಸುಖವಾಗಿರಲಿ.

ನಿನ್ನ ಅವ್ವ,
ಆದಮ್ಮ

ತಾ.ಕ.: ನಿನ್ನ ಪತ್ರದ ಕೊನೆಯಲ್ಲಿ, “ನಿನ್ನ ಕೈಲೆ ಆಗಂಗಿಲ್ಲ ಬೇ, ಬಾಣಂತನ ಇಲ್ಲೇ ಲಿಂಗಸುಗೂರಾಗ ಅತ್ತಿ ಮನ್ಯಾಗ ಆಗಲಿ” ಎಂದು ಬರೆದಿದ್ದೆ. ನನಗೆ ತ್ರಾಸಾಗಬಾರದೆಂದೇ ನೀನು ಬರೆದೆ, ಗೊತ್ತು. ಚೊಚ್ಚಲ ಬಾಣಂತನ ತವರಲ್ಲಿ ಆಗದಿದ್ದರೆ ಅವ್ವ ಇದ್ದೇನು ಬಂತು? ಮೂಳೆ ಕೊಯ್ದ ನೋವನ್ನು ತಡೆದುಕೊಂಡೆ, ಆ ಸಾಲನ್ನು ತಡೆದುಕೊಳ್ಳಲಾಗಲಿಲ್ಲ. ಅಷ್ಟು ದಿನ ಹೆದರಿ ಮುಂದೂಡಿದ ಆಪರೇಷನ್ನಿಗೆ ಮಾರನೆಯ ದಿನವೇ ಒಪ್ಪಿದೆ. ನಡೆದ ಮೇಲೆಯೇ ಉತ್ತರ ಬರೆಯಬೇಕೆಂದು ಕಾದೆ. ನಿನ್ನೆ ನಡೆದೆ. ಇನ್ನು ನೀನು ಬಾ.