ಕೂದಲೆಳೆಯೂ ತಪ್ಪದ ರೀಡಿಂಗ್

ಮಾರ್ಚ್ 4, ಬೆಳಿಗ್ಗೆ 11

ಬಂದರಿನ ಎಣ್ಣೆ ಡಿಪೋ, ಏಳನೇ ಟ್ಯಾಂಕ್. ಹಗುರ ಡೀಸೆಲ್ ಮೂರು ಸಾವಿರ ಕಿಲೋಲೀಟರ್, ಸಾಂದ್ರತೆ 0.8300. ಭಾರದ್ದು ಎರಡು ಸಾವಿರ, 0.8450. ಬೆರೆಸಿದ್ರೆ 0.8360. ಟ್ಯಾಂಕಿನ ಮೆಟ್ಟಿಲು ಇಳಿಯೋಷ್ಟರಲ್ಲಿ ಬಾಯಲ್ಲೇ ಲೆಕ್ಕ ಮುಗೀತು. ಡಿಪೋದವ್ರೆಲ್ಲ ನನ್ನ ‘ಪಾಯಿಂಟ್ ಸಾರ್’ ಅನ್ನೋದು ಸುಮ್ನೆ ಅಲ್ಲ.

ಲ್ಯಾಬಲ್ಲಿ ಸ್ಯಾಂಪಲ್ ಸುರಿದು ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ತೇಲಿಬಿಟ್ಟೆ. ಬಗ್ಗಿ ನೋಡಿದೆ. ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬರೀ ಬೂದು ಪಟ್ಟಿ. ಕನ್ನಡಕ ಒರೆಸಿದೆ. ಮತ್ತೆ ಅದೇ.

ರೀಡಿಂಗ್ 0.8360 ಅಂತ ಬರೆದೆ. ಲೆಕ್ಕ ಸರಿ ಇದ್ಮೇಲೆ ಕಣ್ಣು ಯಾಕೆ…

ಮಾರ್ಚ್ 5

ಹೆಂಡ್ತಿ ಮತ್ತೆ ಕಣ್ಣಿನ ಡಾಕ್ಟರ್ ಹತ್ರ ಟೈಮ್ ತಗೊಂಡಿದ್ಲು. ಶಿಫ್ಟ್ ಇದೆ ಅಂದೆ. ಹೋದ ಸಲಾನೂ ಶಿಫ್ಟೇ ಇತ್ತಲ್ಲ ಅಂದ್ಲು. ಪೊರೆ ಅಂತ ಚೀಟೀಲಿ ಬರೆದುಬಿಟ್ರೆ ಮುಗೀತು, ಲ್ಯಾಬಿಂದ ಎಬ್ಬಿಸಿ ಗೇಟಲ್ಲಿ ಕೂರಿಸ್ತಾರೆ. ಇಪ್ಪತ್ತೆಂಟು ವರ್ಷ ಮಾಡಿದ ಕೆಲ್ಸ. ಭಯ ಆಗುತ್ತೆ. ಈ ಡೈರೀಲಾದ್ರೂ ಹೇಳ್ಕೊಳ್ಳೋಣ.

ಮಾರ್ಚ್ 13

ಜೊತೆಗಿರೋ ಕೆಮಿಸ್ಟಮ್ಮ ರಿಜಿಸ್ಟರ್ ಹಿಡ್ಕೊಂಡು ಬಂದು ಬಾಗಿಲು ಹಾಕಿದ್ರು. ಆರು ವಾರದಿಂದ ನನ್ನ ಲೆಕ್ಕಕ್ಕೂ ರೀಡಿಂಗಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ವಂತೆ.

“ಎಣ್ಣೆ ಇಷ್ಟೊಂದು ಹೇಳಿದ ಮಾತು ಕೇಳಲ್ಲ ಸಾರ್.”

ನಕ್ಕು ಹಾರಿಸಿದೆ. ಅವ್ರು ನಗಲಿಲ್ಲ. ಕೊನೇ ಅಂಕಿ ಆಚೀಚೆ ಆಗೇ ಆಗುತ್ತೆ ಅಂತ ಅವ್ರಿಗೆ ಕಲಿಸಿದ್ದೇ ನಾನು. ಎಂಥಾ ಪೆದ್ದ… ಸುಳ್ಳಲ್ಲೂ ಅಚ್ಚುಕಟ್ಟು.

ಮಾರ್ಚ್ 17, ಮಧ್ಯಾಹ್ನ 3

ಅದೇ ಟ್ಯಾಂಕ್, ಅದೇ ಮಿಶ್ರಣ. ಹಡಗು ಕಾಯ್ತಿತ್ತು. 0.8360 ಬರೆದು ಸೈನ್ ಹಾಕ್ದೆ. ಕೆಮಿಸ್ಟಮ್ಮ ಇನ್ನೊಂದು ಸಲ ತೇಲಿಬಿಟ್ಟು ಓದಿದ್ರು. 0.8390. ನಿಮ್ಗೆ ನೋಡೋಕೆ ಬರಲ್ಲ ಅಂತ ರೇಗಿಬಿಟ್ಟೆ. ಛೆ. ಟ್ಯಾಂಕಿನ ಮೇಲೆ, ನಡು, ತಳ, ಮೂರೂ ಕಡೆಯಿಂದ ಸ್ಯಾಂಪಲ್ ತರಿಸಿದ್ರು. 0.8390. 0.8389. 0.8391.

ಆಗ ತಲೆಗೆ ಹೊಳೀತು — ಭಾರದ್ದು ಮೂರು ಸಾವಿರ, ಹಗುರ ಎರಡು ಸಾವಿರ ಹೋಗಿದ್ರೆ ಸರಿಯಾಗಿ ಅಷ್ಟೇ ಬರುತ್ತೆ. ಪಂಪ್‌ನವ್ರಿಗೆ ಫೋನ್ ಮಾಡಿದ್ರೆ ಹೌದು, ಅದಲುಬದಲಾಗಿದೆ. ನನ್ನ ಸೈನ್ ನಂಬ್ಕೊಂಡು ಹಡಗು ತಪ್ಪು ತೂಕ ಹೊತ್ಕೊಂಡು ಹೊರಟುಬಿಡ್ತಿತ್ತು.

“ಅದಲುಬದಲು ಅಂತ ಹಿಡಿಯೋದು ನನ್ನ ಕೈಲಿ ಆಗ್ತಿರ್ಲಿಲ್ಲ ಸಾರ್,” ಅಂದ್ರು ಕೆಮಿಸ್ಟಮ್ಮ. “ಆದ್ರೆ ಕಣ್ಣಿನ ವಿಷ್ಯ ಮ್ಯಾನೇಜರ್‌ಗೆ ನೀವು ಹೇಳ್ದಿದ್ರೆ ನಾನು ಹೇಳ್ಬೇಕಾಗುತ್ತೆ.”

ಸೈನ್ ಹಾಕಿದ್ದ ರೀಡಿಂಗ್ ಚೀಟಿ ಹರಿದುಹಾಕಿದೆ.

ಮಾರ್ಚ್ 18

ಕಣ್ಣು ಕಾಣದೇ ಲೆಕ್ಕದ ಅಂಕೀನೇ ರೀಡಿಂಗ್ ಅಂತ ಬರೀತಿದ್ದೆ ಅಂತ ಮ್ಯಾನೇಜರ್‌ಗೆ ಹೇಳ್ದೆ. ಯಾವಾಗಿಂದ ಅಂದ್ರು. ಮೂರು ವಾರ ಅಂತ ಬಾಯಿಗೆ ಬಂತು. ಎದ್ದು ಬಾಗಿಲವರೆಗೆ ಹೋದವನು ವಾಪಸ್ ಬಂದೆ. ಆರು ವಾರ ಸಾರ್.

ಕಪಾಟಲ್ಲಿ ತೆಗೆದಿಟ್ಟಿರೋ ಹಳೇ ಸ್ಯಾಂಪಲ್ ಬಾಟ್ಲಿಗಳನ್ನೆಲ್ಲ ಕೆಮಿಸ್ಟಮ್ಮ ಮತ್ತೆ ಓದ್ಬೇಕು. ಕಣ್ಣು ಸರಿಹೋಗೋವರೆಗೆ ನಾನು ಲ್ಯಾಬಿಗೆ ಕಾಲಿಡೋ ಹಾಗಿಲ್ಲ. ಬೈಯಲಿಲ್ಲ ಪುಣ್ಯಾತ್ಮ. ಬೈದಿದ್ರೇ ಚೆನ್ನಾಗಿತ್ತು.

ಮಾರ್ಚ್ 20, ಕಣ್ಣಾಸ್ಪತ್ರೆ

ಕಣ್ಣಿಗೆ ಡ್ರಾಪ್ಸ್ ಹಾಕಿದ್ದಾರೆ. ಅರ್ಧ ಗಂಟೆ ಕಾಯ್ಬೇಕಂತೆ. ಹೆಂಡ್ತಿ ಪಕ್ಕದಲ್ಲೇ ಇದ್ದಾಳೆ.

ಕೆಮಿಸ್ಟಮ್ಮನ ಫೋನು. ಇಪ್ಪತ್ಮೂರು ಬಾಟ್ಲೀಲಿ ಇಪ್ಪತ್ತೆರಡು ಸರಿ. ಒಂದು ಸರಿಯಿಲ್ಲ. ಆ ಹಡಗು ಆಗ್ಲೇ ಹೋಗಿಯಾಗಿದೆ. ಏನು ತಪ್ಪಿದೆ ಅಂತ ಹೇಳ್ಬಲ್ಲೆ, ಅಂಕಿ ಕೊಡಿ ಅಂದೆ. ಕೊಟ್ರು. ಇಲ್ಲೇ ಮೇಲೆ ಮೂಲೇಲಿ ಬರ್ಕೊಂಡೆ. ನಾನೇ ಬರೆದಿದ್ದು ನನಗೇ ಕಾಣ್ತಿಲ್ಲ.

ಇಷ್ಟು ವರ್ಷದಲ್ಲಿ ಮೊದಲ ಸಲ… ಓದಿ ಹೇಳೇ ಅಂತ ಅವಳನ್ನ ಕೇಳ್ದೆ. ಪುಸ್ತಕಕ್ಕೆ ಮುಖ ಹತ್ರ ತಂದು ಓದ್ತಿದ್ದಾಳೆ. ನಿಧಾನಕ್ಕೆ ಹೇಳು ಅಂದೆ. ಸೊನ್ನೆ ಪಾಯಿಂಟ್ ಎಂಟು ನಾಲ್ಕು… ಬಾಯಲ್ಲೇ ಲೆಕ್ಕ ಶುರು ಮಾಡಿದ್ದೀನಿ.